ಆಯಿಲ್ ಪೈಪಿನ ಪಕ್ಕದ ನಿಂಬೆಹಣ್ಣು

ನಾನು ಕೆಲಸಕ್ಕೆ ಬಂದ ಕಡಲಾಚೆಯ ಊರು ಟಾಲಾದ ನಿಲ್ದಾಣದಿಂದ ಟ್ರಾಮ್ ಗಂಟೆ ಬಾರಿಸುತ್ತಾ ಹೊರಟಿತು. ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು. ಒಬ್ಬ ಮನುಷ್ಯನೂ ಇರಲಿಲ್ಲ. ಮೈಸೂರಿನಲ್ಲಿ ಖಾಲಿ ಬಸ್ಸು ಕಂಡರೆ ಸೀಟಿಗಾಗಿ ಓಡುತ್ತಿದ್ದ ನಾನು ಇಲ್ಲಿ ಹಿಂದೆ ಸರಿದು ನಿಂತೆ. ಕೊರೊನಾ ವಾರ್ಡಿನ ಕಿರಿಯ ವೈದ್ಯೆಯಾದ ನನಗೆ ಟ್ರಾಮಿನ ಕಂಬ ಮುಟ್ಟಲೂ ಭಯ. ಊರಿಗೆ ಮರಳುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಹಳೆಯ ಟೂ-ಸ್ಟ್ರೋಕ್ ಸ್ಕೂಟರ್ ಕೊಂಡೆ.

ಅಪ್ಪನ ಸ್ಕೂಟರಿಗೆ ಬಂಕಿನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಸುರಿಯುತ್ತಿದ್ದರು. ಪೆಟ್ರೋಲ್ ಹೋದಲ್ಲಿಗೆ ಆಯಿಲೂ ಹೋಗುತ್ತಿತ್ತು. ಈ ಗಾಡಿಯಲ್ಲಿ ಆಯಿಲಿಗೆ ಬೇರೆ ಟ್ಯಾಂಕ್; ಅಲ್ಲಿಂದ ಎಂಜಿನ್ನಿಗೆ ಡ್ರಿಪ್ಪಿನ ನಳಿಕೆಯಂಥ ತೆಳು ಪೈಪ್. ಅದು ತೂತಾದರೆ, ಒಳಗೆ ಗಾಳಿಗುಳ್ಳೆ ಸೇರಿದರೆ, ಆಯಿಲ್ ತಲುಪದೆ ಎಂಜಿನ್ ಬಿಗಿದು ಸೀಜ್ ಆಗಿ ಹಿಂದಿನ ಚಕ್ರ ತಟ್ಟನೆ ನಿಲ್ಲುತ್ತದೆ ಎಂದು ಮಾರಿದವರು ಎಚ್ಚರಿಸಿದ್ದರು. ಹಿಂದೆ ಲಾರಿ ಇದ್ದರೆ?

ಆಯುಧಪೂಜೆಯ ದಿನ ಅಪ್ಪ ಫೋನಿನಲ್ಲಿ, "ಗಾಡಿಗೆ ನಿಂಬೆಹಣ್ಣು ಕಟ್ಟಿದ್ಯೇನಮ್ಮ?" ಎಂದರು. ಹ್ಯಾಂಡಲಿಗೆ ಕಟ್ಟಿದರೆ ನೆರೆಯವರು ಕೇಳುತ್ತಾರೆ; ವಿವರಿಸುವುದು ನನಗೆ ಇಷ್ಟವಿರಲಿಲ್ಲ. ನಿಂಬೆ, ಮೆಣಸಿನಕಾಯಿಗಳನ್ನು ತಂತಿಗೆ ಪೋಣಿಸಿ, ಯಾರಿಗೂ ಕಾಣದಂತೆ ಸೀಟಿನ ಕೆಳಗೆ ಕಟ್ಟಿದೆ.

ಕೆಲವು ವಾರಗಳ ನಂತರ ಒಂದು ಬೆಳಗ್ಗೆ ಗಾಡಿಯ ಕೆಳಗೆ ಆಯಿಲ್ ಹನಿ. ಸೀಟು ಎತ್ತಿ ನೋಡಿದೆ. ಎಂಜಿನ್ನಿನ ನಡುಕಕ್ಕೆ ತಂತಿಯ ತುದಿ ಪೈಪನ್ನು ಉಜ್ಜಿ ಉಜ್ಜಿ ಕೊರೆದಿತ್ತು. ಹಿಂದಿನ ಸಂಜೆ ಮಳೆಯಲ್ಲಿ, ಲಾರಿಗಳ ನಡುವೆ, ಇದೇ ಗಾಡಿಯಲ್ಲಿ ಬಂದಿದ್ದೆ. ಅಲ್ಲೇ ನೆಲದ ಮೇಲೆ ಕುಳಿತೆ.

ಪಕ್ಕದ ಮನೆಯ ಅಜ್ಜಿ ನೋರಾ ಬೇಲಿಯಾಚೆಯಿಂದ ಕೂಗಿದರು: "ಏನಮ್ಮಾ, ಗ್ರ್ಯಾಂಡಾ?"

ಚೆನ್ನಾಗಿದ್ದೀಯಾ ಎನ್ನಲೂ, ಚೆನ್ನಾಗಿದ್ದೇನೆ ಎನ್ನಲೂ ಇಲ್ಲಿ ಅದೊಂದೇ ಮಾತು. "ಗ್ರ್ಯಾಂಡ್" ಎಂದೆ, ನೆಲದ ಮೇಲೆ ಕುಳಿತೇ.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹಾಸನದ ಡಾಕ್ಟರ್ ಸುಮಕ್ಕ ಬಂದು ನೋಡಿ ನಕ್ಕರು. "ದೃಷ್ಟಿ ಆಗದಿರ್ಲಿ ಅಂತ ಕಟ್ಟಿದ್ದೇ ಮುಳುವಾಯ್ತಲ್ಲೇ! ನಿನ್ನ ಡಕೋಟ ಗಾಡಿ ಮೇಲೆ ಇಲ್ಲಿ ಯಾರೇ ಕಣ್ಣು ಹಾಕೋರು?"

"ನಗಬೇಡಿ ಅಕ್ಕ. ಸತ್ತೇ ಹೋಗ್ತಿದ್ದೆ."

ಅವರ ನಗು ನಿಂತಿತು. "ಇವತ್ತು ಟ್ರಾಮಲ್ಲಿ ಹೋಗು."

"ಅದಕ್ಕೂ ಭಯ."

ಆದರೂ ಹೋದೆ, ಕಂಬ ಹಿಡಿಯದೆ, ತೂರಾಡುತ್ತಾ.

ರಜೆಯ ದಿನ ಇಬ್ಬರೂ ಹೊಸ ಪೈಪ್ ಹಾಕಿದೆವು. ಗುಳ್ಳೆಗಳೆಲ್ಲ ಹೊರಬರುವವರೆಗೆ ಆಯಿಲ್ ಹರಿಯಬಿಟ್ಟೆವು. ಲೋಹ ತಾಗುವ ಕಡೆ ಉದ್ದಕ್ಕೆ ಸೀಳಿದ ರಬ್ಬರ್ ಟ್ಯೂಬ್ ಹೊದಿಸಿ, ಸೈಲೆನ್ಸರಿನಿಂದ ದೂರ ಸರಿಸಿ, ಪೈಪ್ ಹಿಸುಕಿಹೋಗದಂತೆ ಸಡಿಲವಾಗಿ ಕಟ್ಟಿದೆ. ನಿಂಬೆಹಣ್ಣನ್ನು ಈ ಸಲ ಹತ್ತಿಯ ದಾರದಲ್ಲಿ ಹ್ಯಾಂಡಲಿಗೇ ಕಟ್ಟಿದೆ.

"ಅದ್ಯಾಕೆ, ಟೀಗೆ ಹಿಂಡೋಕಾ?" ಎಂದರು ನೋರಾ.

"ಕೆಟ್ಟದ್ದೇನೂ ಆಗದಿರಲಿ ಅಂತ."

ಅವರು ಬೇಲಿಯ ಮೇಲಿಂದ ಬಾಗಿ ನಿಂಬೆಹಣ್ಣನ್ನು ನೋಡಿದರು. "ಹಾಗಾದ್ರೆ ನಮ್ಮ ಗೇಟಿಗೂ ಒಂದು ಕಟ್ಟಮ್ಮ."

ಈಗಲೂ ಹೊರಡುವ ಮುನ್ನ ಪೈಪ್ ಮುಟ್ಟಿ ನೋಡುತ್ತೇನೆ, ಆಮೇಲೆ ನಿಂಬೆಹಣ್ಣು. ಎರಡರಲ್ಲಿ ಒಂದನ್ನೇ ನಂಬಿ ರಸ್ತೆಗಿಳಿಯುವ ಧೈರ್ಯ ಬಂದಿಲ್ಲ.

ಮೊನ್ನೆ ಅಪ್ಪ ಕೇಳಿದರು: "ಒಬ್ಳೇ ಓಡಾಡ್ತೀಯ, ಹೆದರಿಕೆ ಆಗಲ್ವೇನಮ್ಮ?"

"ಗ್ರ್ಯಾಂಡ್ ಅಪ್ಪ."

"ಹಾಗಂದ್ರೆ?"

ಕಿಟಕಿಯಾಚೆ ಸ್ಕೂಟರ್ ಮಳೆಯಲ್ಲಿ ನೆನೆಯುತ್ತಿತ್ತು.

"ಗಾಡಿ ಓಡ್ತಿದೆ ಅಂತ" ಎಂದೆ.