ಎಡಗಡೆ ಸುಲಿದ ಕತ್ತಿ

ನಮ್ಮ ಕ್ಯೋಟೋ ಸ್ಟುಡಿಯೋದಲ್ಲಿ ಕತ್ತಿಗಳನ್ನು ನೋಡಿಕೊಳ್ಳುತ್ತಿದ್ದ ಯಸುಕಿಚಿಯಂಥ ಅನುಮಾನದ ಪ್ರಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಮುರಾಯ್ ಸಿನಿಮಾದ ಕತ್ತಿಯೆಂದರೆ ಬಿದಿರಿಗೆ ಬೆಳ್ಳಿ ಹಾಳೆ ಅಂಟಿಸಿದ್ದು, ಅಷ್ಟೇ. ಆತ ಅದನ್ನೂ ಕೊಡುವಾಗೊಮ್ಮೆ, ವಾಪಸು ಪಡೆಯುವಾಗೊಮ್ಮೆ ತನ್ನ ಕೊರಳ ಮೇಲೆ ಎಳೆದು ನೋಡುತ್ತಿದ್ದ.

“ಬಿದಿರಿಂದ ಯಾರಣ್ಣಾ ಸತ್ತಿದಾರೆ?” ಎಂದರೆ, “ಯಾರಾದ್ರೂ ನಿಜವಾದ್ದು ಸೇರಿಸಿಟ್ರೆ? ನೀನೇ ಇಟ್ರೆ?” ಎನ್ನುತ್ತಿದ್ದ. ನಟರಿಗೆ ವಿಗ್ ಕಟ್ಟುವ ನನಗೆ ಕತ್ತಿಯ ಉಸಾಬರಿ ಯಾಕೆ? ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ಅವನ ಕಣ್ಣು ಕಜಿತಾನಿಯ ಮೇಲೆ ಬಿತ್ತು. ನಾಯಕನ ಏಟಿಗೆ ಸಿಕ್ಕಿ ಸಾಯುವುದೇ ಕಜಿತಾನಿಯ ಕೆಲಸ. ಒಮ್ಮೆ ನಗಿಸಿ ಸಾಯುವನು, ಒಮ್ಮೆ ಅಳಿಸಿ. ಆದರೆ ಅವನ ಕತ್ತಿಯ ಹಾಳೆ ದಿನಾ ಎಡಮಗ್ಗುಲಲ್ಲೇ ಸುಲಿದಿರುತ್ತಿತ್ತು.

“ಇವ್ನು ಕತ್ತೀನ ಹೊರಗೆ ಬಾಡಿಗೆಗೆ ಬಿಡ್ತಿದಾನೆ ಕಣೆ,” ಎಂದು ಯಸುಕಿಚಿ ನನ್ನ ಕಿವಿಯಲ್ಲಿ ಊದಿದ. ನಾನೂ ನಂಬಿದೆ. ಊಟದ ಹೊತ್ತಿನಲ್ಲಿ ಇಬ್ಬರೂ ಕಳ್ಳಹೆಜ್ಜೆಯಲ್ಲಿ ಹಿಂಬಾಲಿಸಿದೆವು. ಖಾಲಿ ಸೆಟ್ಟಿನಲ್ಲಿ ಕಜಿತಾನಿ, ಅನ್ನದ ಉಂಡೆ ಪಕ್ಕಕ್ಕಿಟ್ಟು, ಒಬ್ಬನೇ ಹೆಜ್ಜೆ ಎಣಿಸುತ್ತ ತಿರುಗುತ್ತಿದ್ದ. ಎಡಕ್ಕೆ ತಿರುಗಿದಾಗಲೆಲ್ಲ ಕತ್ತಿ ಕಂಬಕ್ಕೆ ಉಜ್ಜುತ್ತಿತ್ತು. ನಾವು ಅವನ ಎಡಕ್ಕೇ, ಮಾರು ದೂರದಲ್ಲಿ ನಿಂತಿದ್ದೆವು. ಅವನಿಗೆ ಕಾಣಲಿಲ್ಲ.

ಅವನ ಎಡಗಣ್ಣು ಹೋಗಿತ್ತು. ಗೊತ್ತಾದರೆ ಕೆಲಸವೂ ಹೋಗುತ್ತಿತ್ತು. ಅಂದು ಮಧ್ಯಾಹ್ನದ ದೃಶ್ಯದಲ್ಲಿ ನಾಯಕ ಎಡದಿಂದಲೇ ಬೀಸಬೇಕಿತ್ತು. ಬಿದಿರಾದರೇನು, ಕಾಣದ ಏಟು ಮುಖಕ್ಕೆ ಬಿದ್ದರೆ? ಯಸುಕಿಚಿ ನನ್ನ ತೋಳು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದುಕೊಂಡು ಹೋದ.

ಚಿತ್ರೀಕರಣ ಶುರುವಾಗುವ ಮುನ್ನ ಆತ ನಡುವೆ ನುಗ್ಗಿದ. “ಸಾರ್, ಎಡಗಡೆ ಕಂಬದ ಮೇಲೆ ನಂಗೆ ಅನುಮಾನ. ಮೊಳೆ ಎದ್ದಿರ್ಬೇಕು. ಹೊಡೆಯೋರು ಬಲಗಡೆಯಿಂದ ಬರ್ಲಿ.”

“ಇವತ್ತು ಕಂಬದ ಸರದೀನಾ!” ನಿರ್ದೇಶಕರು ಹಣೆ ಚಚ್ಚಿಕೊಂಡರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೂ ಕಾಟ ತಪ್ಪಲಿ ಎಂದು ದಿಕ್ಕು ಬದಲಿಸಿದರು. ಕಜಿತಾನಿ ಬಲದಿಂದ ಬಂದ ಏಟಿಗೆ ಸೊಗಸಾಗಿ ಸತ್ತ.

ಅಲ್ಲಿಂದ ಆರು ವರ್ಷ ಯಸುಕಿಚಿಗೆ ಎಡಗಡೆಯದ್ದೆಲ್ಲ ಅನುಮಾನ: ದೀಪ, ಚಾಪೆ, ಗಾಳಿ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡರು. ನಾನೂ ಅವರ ಜೊತೆ ನಕ್ಕೆ, ಬೇರೆ ದಾರಿಯಿರಲಿಲ್ಲ.

ಕೆಲಸ ಬಿಡುವ ದಿನ ಕಜಿತಾನಿ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. “ಅಣ್ಣಾ, ನಿಮ್ಗೆ ಎಲ್ಲರ ಮೇಲೂ ಅನುಮಾನ. ನನ್ಮೇಲೆ ಯಾವತ್ತೂ ಬರ್ಲಿಲ್ವಾ?”

“ನಿನ್ಮೇಲಾ? ಏನಕ್ಕೆ?” ಎಂದು ಯಸುಕಿಚಿ ಗದರಿದ.

ಸುಲಿದ ಎಡಮಗ್ಗುಲನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ, ಕತ್ತಿಯನ್ನು ಕೊರಳ ಮೇಲೆ ಎಳೆಯದೆ ಹಾಗೇ ಒಳಗಿಟ್ಟ.