ಬಾಯಿ ಮೂಸುತ್ತಿದ್ದ ಅಜ್ಜಿ

ಅಜ್ಜಿಯ ಬೆರಳುಗಳಲ್ಲಿ ಉಗುರೇ ಕಾಣುತ್ತಿರಲಿಲ್ಲ, ಬುಡದವರೆಗೂ ಕತ್ತರಿಸಿರುತ್ತಿದ್ದಳು. ಅಂಗೈ ತುಂಬಾ ಔಡಲೆಣ್ಣೆಯ ವಾಸನೆ. ಕೊಟ್ಟೂರಿನ ನಮ್ಮ ಓಣಿಯ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು ಅವಳ ಕೆಲಸ, ಓಣಿಗೆಲ್ಲ ಅವಳು ಅಜ್ಜಿ. ಮಗಳು ಹುಟ್ಟಿದಾಗ ನನಗೂ ಎರೆದಳು. "ಥಂಡಿ ಹಿಡದೀತು, ಮಲಗೋವಾಗ ಎರಡು ಚಮಚ ಬ್ರಾಂಡಿ ಕೊಡ್ರಿ" ಎಂದು ನನ್ನ ಅತ್ತೆಗೆ ಹೇಳಿದವಳೂ ಅವಳೇ. ನಮ್ಮ ಕಡೆ ಬಾಣಂತಿಗೆ ಅದು ಔಷಧಿ, ಯಾರೂ ಎರಡನೇ ಮಾತು ಆಡುವುದಿಲ್ಲ.

ಅತ್ತೆ ಮಹಾತಾಯಿ ಚಮಚ ಬಿಟ್ಟು ನನಗೆ ಲೋಟದಲ್ಲೇ ಕುಡಿಸಿದಳು. ಬಾಣಂತನ ಮುಗಿದ ಮೇಲೂ ನಿಲ್ಲಿಸಲಿಲ್ಲ. ಕುಡಿದ ಸೊಸೆ ಮಗನ ಹೊಡೆತಕ್ಕೆ ಎದುರು ಮಾತಾಡದೆ ಬಿದ್ದುಕೊಳ್ಳುತ್ತಾಳೆ ಎಂಬುದು ಆಕೆಗೆ ಗೊತ್ತಾಗಿತ್ತು. ಮಗಳು ಶಾಲೆಗೆ ಹೋಗುವ ಹೊತ್ತಿಗೆ ಬೆಳಿಗ್ಗೆಯೇ ನನ್ನ ಕೈ ನಡುಗುತ್ತಿತ್ತು. ಆಗ ಆಕೆ ಕೊಡುವುದನ್ನು ಬಿಟ್ಟಳು. ನಾನು ಜೋಳದ ಡಬ್ಬಿಯಲ್ಲಿ ಸಾರಾಯಿ ಪ್ಯಾಕೆಟ್ ಬಚ್ಚಿಡಲು ಕಲಿತೆ. "ನಮ್ಮ ಸೊಸಿ ಕುಡುಕಿ ಅದಾಳ ನೋಡ್ರಿ" ಎಂದು ಅತ್ತೆ ಓಣಿಗೆಲ್ಲ ಡಂಗುರ ಹೊಡೆದಳು. ಅರಿಶಿನ ಕುಂಕುಮಕ್ಕೂ ಯಾರೂ ನನ್ನನ್ನು ಕರೆಯದಂತಾಯಿತು. ಆಕೆಯ ಬಾಯಿಗೆ ಹುಳ ಬೀಳಲಿ! ಇವತ್ತಿಗೂ ಹಾಗೇ ಅನ್ನುತ್ತೇನೆ.

ಮಗಳು ಹತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಚರಂಡಿ ಪಕ್ಕ ಬಿದ್ದಿದ್ದೆ. ಎಬ್ಬಿಸಿದವಳು ಅಜ್ಜಿ. "ಯಾವಾಗಿಂದ ಕಲತಿ ಇದನ್ನ?" ಅಂದಳು. ಬಾಣಂತನದಿಂದ ಅಂದೆ. ಅಲ್ಲೇ ಕುಕ್ಕರಿಸಿ ಕೂತು ಹಣೆ ಹಣೆ ಚಚ್ಚಿಕೊಂಡಳು. ಮಾರನೆಯ ದಿನವೇ ಬಸ್ಸು ಹತ್ತಿಸಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದಳು. ಕುಡಿತ ಬಿಡಲು ಬಂದವರಲ್ಲಿ ಹೆಂಗಸು ನಾನೊಬ್ಬಳೇ. ನಡುಕ ನಿಲ್ಲುವವರೆಗೂ ಅಜ್ಜಿ ನನ್ನ ಮಂಚದ ಪಕ್ಕ ನೆಲದ ಮೇಲೇ ಇದ್ದಳು.

ಊರಿಗೆ ಮರಳಿದ ಮೇಲೆ ಒಂದು ವರ್ಷ ದಿನಾ ಬೆಳಿಗ್ಗೆ ಬಾಗಿಲಿಗೆ ಹಾಜರು. "ಬಾಯಿ ತೆಗಿ ಲೇ!" ಮೂಸಿ ನೋಡಿ, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಇವತ್ತೂ ಕುಡದಿಲ್ಲ ನಮ್ಮ ಹುಡುಗಿ!" ನಾಚಿಕೆಯಿಂದ ಸಾಯುವಂತಾಗುತ್ತಿತ್ತು. ಎರಡು ಸಲ ವಾಸನೆ ಸಿಕ್ಕಿತು. ಆ ಎರಡೂ ದಿನ ಕೂಗಲಿಲ್ಲ, ಬೈಯಲೂ ಇಲ್ಲ. ಮಜ್ಜಿಗೆ ಕೊಟ್ಟು ಸಂಜೆಯವರೆಗೂ ನನ್ನ ಪಕ್ಕ ಕೂತಿದ್ದಳು.

ಕುಡಿತ ಬಿಟ್ಟು ಆರು ವರ್ಷಕ್ಕೆ ಮಗಳ ಕುಬಸ ಬಂತು. ಏಳು ತಿಂಗಳ ಬಸುರಿ ಮಗಳ ಉಡಿಯನ್ನು ನನ್ನ ಕೈಯಾರೆ ತುಂಬಬೇಕು, ನನಗಿದ್ದದ್ದು ಅದೊಂದೇ ಆಸೆ. ಅಕ್ಕಿ, ಕೊಬ್ಬರಿಯ ತಟ್ಟೆ ಹಿಡಿದು ಎದ್ದೆ. ಹೆಂಗಸರೆಲ್ಲರ ಮುಂದೆ ಅತ್ತೆ ಅದನ್ನು ಕಿತ್ತುಕೊಂಡಳು. "ಕುಡದ ಕೈಲೆ ಉಡಿ ತುಂಬಬಾರದು, ಕೂಸಿಗೆ ಆಗಿಬರಂಗಿಲ್ಲ. ಒಳಗ ಹೋಗು." ಮಗಳು ಮಣೆಯ ಮೇಲೇ ಅಳತೊಡಗಿದಳು.

ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಎದ್ದಳು. "ಬ್ರಾಂಡಿ ಕೊಡ್ರಿ ಅಂತ ಹೇಳಿದಾಕಿ ನಾನು. ತಪ್ಪು ನಂದು, ಎಲ್ಲಾರ ಮುಂದ ಒಪ್ಕೊಂತೀನಿ. ನಾ ಎರಡು ಚಮಚ ಅಂದಿದ್ದೆ. ಲೋಟಗಟ್ಟಲೆ, ವರ್ಷಗಟ್ಟಲೆ ಕುಡಿಸಿದಾಕಿ ನೀನು. ನಿನ್ನ ಕೈಲೆ ಆಗಿಬರತೈತೇನು? ಕೊಡು ಇಲ್ಲಿ ತಟ್ಟಿ!"

ಅತ್ತೆಯ ಮುಖ ಸುಟ್ಟ ಬದನೆಕಾಯಿಯಾಯಿತು. ಅಜ್ಜಿ ತಟ್ಟೆಯನ್ನು ನನ್ನ ಕೈಗಿಟ್ಟಳು. ಮಗಳ ಉಡಿ ತುಂಬಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಅಜ್ಜಿ ಹೋದ ವರ್ಷ ತೀರಿಕೊಂಡಳು. ಎರಡು ದಿನ ಮೊದಲು ಕೇಳಿದಳು: "ನನ್ನ ಮ್ಯಾಲ ಇನ್ನೂ ಸಿಟ್ಟೈತೇನ?"

"ಇತ್ತು. ನೀ ಒಪ್ಕೊಂಡಿ, ಹೋತು" ಅಂದೆ.

"ಮತ್ತ ನಿಮ್ಮತ್ತಿ ಮ್ಯಾಲ?"

"ಆಕಿ ಒಪ್ಕೊಂಡಿಲ್ಲಲ್ಲ."

ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆ ಸಿಟ್ಟು ಬಿಟ್ಟುಬಿಡು ಅಂತ ಒಂದು ಮಾತೂ ಅನ್ನಲಿಲ್ಲ. ಅವಳ ಋಣ ನನ್ನ ಮೇಲೆ ಬೇಕಾದಷ್ಟಿದೆ, ಹಾಗೆ ಅನ್ನದೆ ಇದ್ದುದಕ್ಕೆ ಇನ್ನಷ್ಟು.

ಅತ್ತೆ ಈಗ ಹಾಸಿಗೆ ಹಿಡಿದಿದ್ದಾಳೆ. ಎರಡು ಹೊತ್ತು ಗಂಜಿ ಮಾಡಿ ಉಣಿಸುವವಳು, ಮಾತ್ರೆ ನುಂಗಿಸುವವಳು ನಾನೇ. ಎಂಥಾ ಒಳ್ಳೆಯ ಸೊಸೆ ಎಂದು ಓಣಿಯವರು ಹೊಗಳುತ್ತಾರೆ. ಬಾಯಿ ಒರೆಸಿ ದಿನಾ ಕೇಳುತ್ತೇನೆ: "ನನಗ ಕುಡಿಯೋದು ಕಲಿಸಿದವರು ಯಾರ್ರಿ?" ಆಕೆ ಗೋಡೆಯ ಕಡೆ ಹೊರಳುತ್ತಾಳೆ. ಹೊರಳಲಿ. ಒಪ್ಪಿಕೊಳ್ಳುವವರೆಗೂ ನಾನು ಆಕೆಯನ್ನು ಸಾಯಲು ಬಿಡುವುದಿಲ್ಲ.