ಕ್ಯಾಸೆಟ್ಟಿನೊಳಗಿನ ನನ್ನ ಕೂಗು

ಹಾಡು ಕೇಳುವಾಗ ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಂದಾದರೂ ನನ್ನ ಪಕ್ಕದಲ್ಲಿ ಕೂತು ಹಾಡು ಕೇಳುವ ಪ್ರಸಂಗ ಬಂದರೆ ಸ್ವಲ್ಪ ದೂರ ಸರಿದು ಕೂರುವ ಸ್ವಾತಂತ್ರ್ಯ ನಿಮಗಿರಲಿ. ಕೆಲವರು ತಲೆದೂಗುತ್ತಾರೆ, ಕೆಲವರು ತೊಡೆ ತಟ್ಟುತ್ತಾರೆ, ನಮ್ಮ ಹೆಡ್‌ಮಾಸ್ತರರಂಥ ಸಭ್ಯರು ಕಣ್ಣು ಮುಚ್ಚಿ ಕೇಳುತ್ತ ಹಾಗೆಯೇ ನಿದ್ದೆಗೆ ಜಾರುತ್ತಾರೆ. ನಾನು ಕೂಗುತ್ತೇನೆ. ಒಳ್ಳೆಯ ಸಾಲೊಂದು ಎದೆಗೆ ಬಂದು ಬಡಿಯಿತೆಂದರೆ ‘ಯವ್ವಾ, ಕೊಂದಿ!’ ಎಂಬ ಕೂಗು ನನ್ನನ್ನು ಕೇಳದೆಯೇ ಬಾಯಿಂದ ಹೊರಡುತ್ತದೆ. ಹಾಡುವವರು ಹೆಂಗಸೇ ಆಗಬೇಕೆಂದಿಲ್ಲ. ದೊಡ್ಡ ಮೀಸೆಯ ಕವ್ವಾಲರನ್ನೂ ನಾನು ಯವ್ವಾ ಎಂದು ಕರೆದದ್ದಿದೆ. ಒಮ್ಮೆ ಒಬ್ಬ ಕವ್ವಾಲ ಹಾಡು ನಿಲ್ಲಿಸಿ, ಯಾರಿಗೆ ಏನಾಯಿತು ಎಂದು ಗಾಬರಿಯಿಂದ ವಿಚಾರಿಸಿದ್ದ.

ಹೊಟ್ಟೆಪಾಡಿಗೆ ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನನ್ನ ತರಗತಿಯಲ್ಲಿ ಹುಡುಗರು ಉಸಿರಾಡುವುದಕ್ಕೂ ನನ್ನ ಮುಖ ನೋಡುತ್ತಿದ್ದರು. ಪಿಸುಮಾತು ಕೇಳಿದರೆ ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ. ಹೀಗೆ ವಾರವಿಡೀ ಉಳಿದವರನ್ನು ಸುಮ್ಮನಿರಿಸಿದ್ದರ ಸೇಡನ್ನು ನನ್ನ ಗಂಟಲು ಭಾನುವಾರ ತೀರಿಸಿಕೊಳ್ಳುತ್ತಿತ್ತೋ ಏನೋ. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಒಂದು ಸಲ ನನ್ನ ಜೊತೆ ಹಾಡು ಕೇಳಲು ಬಂದಿದ್ದಳು. ಆಮೇಲೆ ಹಾಡಿನ ಮಾತೆತ್ತಿದರೆ ಅವಳಿಗೆ ತಲೆನೋವು ಬರತೊಡಗಿತು.

ಎಪ್ಪತ್ತರ ದಶಕದಲ್ಲಿ ನಮ್ಮಂಥ ಹುಚ್ಚರಿಗೆ ರಾಯಚೂರೇ ಕಾಶಿ. ಸಂಬಳವಾದ ಭಾನುವಾರ ದೇವದುರ್ಗದಿಂದ ಮೊದಲ ಬಸ್ಸು ಹಿಡಿದು ತೀನ್ ಕಂದೀಲಿನ ಹತ್ತಿರ ಇಳಿಯುತ್ತಿದ್ದೆ. ಅಲ್ಲೊಂದು ಚಹಾದ ಹೋಟೆಲಿನಲ್ಲಿ ಗಲ್ಲಾದ ಪಕ್ಕ ರಿಕಾರ್ಡು ಹಚ್ಚುವ ಪೆಟ್ಟಿಗೆ ಇತ್ತು. ಹೊಸ ಪ್ಲೇಟು ಬಂದರೆ ಚಹಾದ ಮೇಲೆ ಚಹಾ ಕುಡಿದು ಅದನ್ನೇ ಮತ್ತೆ ಮತ್ತೆ ಹಾಕಿಸುತ್ತಿದ್ದೆವು. ಅಲ್ಲಿಂದ ಎರಡು ಓಣಿ ದಾಟಿದರೆ ಖಾದರನ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಉರುಸು, ಭಜನೆ, ಬಯಲಾಟ ಎಲ್ಲಿದ್ದರೂ ಧ್ವನಿವರ್ಧಕದ ಭೋಂಗಾ ಕಟ್ಟಲು ಖಾದರನೇ ಬರಬೇಕು. ಅವನ ಜೊತೆ ಸ್ನೇಹವಾದ ಮೇಲೆ ಜಿಲ್ಲೆಯಲ್ಲಿ ಯಾರು ಎಲ್ಲಿ ಹಾಡುತ್ತಾರೆಂಬ ಸುದ್ದಿ ಬಸ್ಸಿಗಿಂತ ಮೊದಲು ನನಗೆ ಮುಟ್ಟುತ್ತಿತ್ತು. ಅವನ ಸಾಮಾನಿನ ಗಾಡಿಯಲ್ಲಿ ವೈರಿನ ಸುರುಳಿಯ ಮೇಲೆ ಕೂತು ನಾನು ನೋಡದ ಹಳ್ಳಿ ಕಡಿಮೆ.

ಕೂಗುವುದಕ್ಕೆ ನಾನೊಂದು ಶಾಸ್ತ್ರವನ್ನೂ ಕಟ್ಟಿಕೊಂಡಿದ್ದೆ. ತಪ್ಪು ಮಾಡುವ ಓದಿದವರೆಲ್ಲ ಮಾಡುವ ಕೆಲಸವೇ ಇದು. ನಿಜಾಮರ ಕಾಲದ ಮೆಹಫಿಲ್ಲುಗಳಲ್ಲಿ ಮೆಚ್ಚುವುದಕ್ಕೂ ಒಂದು ರಿವಾಜು ಇತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ‘ವ್ಹಾ’ ಎನ್ನುವುದಕ್ಕೆ ಒಂದು ಜಾಗ, ‘ಕ್ಯಾ ಬಾತ್’ ಎನ್ನುವುದಕ್ಕೆ ಇನ್ನೊಂದು. ನಾಟಕ ಕಂಪನಿಗಳಲ್ಲಿ ‘ಒನ್ಸ್ ಮೋರ್’ ಬರದಿದ್ದರೆ ಸತ್ತ ರಾಜ ಎದ್ದು ಮತ್ತೆ ಹಾಡುವುದು ಹೇಗೆ? ಅಂದಮೇಲೆ, ಆದಿಯಲ್ಲಿ ಒಬ್ಬ ಹಾಡಿರಬೇಕು, ಪಕ್ಕದವ ಏನೋ ಅಂದಿರಬೇಕು. ಪಕ್ಕದವ ಸುಮ್ಮನೆ ಕೂತಿದ್ದರೆ ಮೊದಲನೆಯವ ಎದ್ದು ದನ ಕಾಯಲು ಹೋಗುತ್ತಿದ್ದ, ಸಂಗೀತ ಅಲ್ಲಿಗೇ ಮುಗಿಯುತ್ತಿತ್ತು. ಈ ಸಿದ್ಧಾಂತವನ್ನು ನಾನು ಸ್ಟಾಫ್ ರೂಮಿನಲ್ಲಿ ಮಂಡಿಸಿದಾಗ ಯಾರೂ ಏನೂ ಅನ್ನಲಿಲ್ಲ. ನಾನು ಪಾಠಕ್ಕೆ ಹೋದೆ.

ಈರಮ್ಮನ ಹೆಸರು ಹೇಳಿದವನೂ ಖಾದರನೇ. ಕೃಷ್ಣೆಯ ದಂಡೆಯ ಗೂಗಲ್ ಊರ ಕಡೆಯ ಹೆಣ್ಣುಮಗಳು, ಹಗಲು ಯಾರದೋ ಹೊಲದಲ್ಲಿ ಹತ್ತಿ ಬಿಡಿಸುತ್ತಾಳೆ, ಅಮಾವಾಸ್ಯೆಗೆ ಏಕತಾರಿ ಹಿಡಿದು ಅಲ್ಲಮಪ್ರಭುವಿನ ಗುಡಿಯಲ್ಲಿ ಹಾಡುತ್ತಾಳೆ ಎಂದ. ಅವು ಎಂಬತ್ತರ ದಶಕದ ಮೊದಲ ದಿನಗಳು. ಖಾದರ್ ಹೊಸದಾಗಿ ಟೇಪ್ ರಿಕಾರ್ಡರ್ ಕೊಂಡು, ನಮ್ಮ ಭಾಗದ ಹಾಡುಗಾರರ ಕ್ಯಾಸೆಟ್ ತಾನೇ ಮಾಡಿ ಮಾರಬೇಕೆಂಬ ಹುಕಿಯಲ್ಲಿದ್ದ. ಈರಮ್ಮ ಮತ್ತು ಅವಳ ಗಂಡ ಮರುದಿನದ ಬಸ್ಸಿಗೆ ಪುಣೆಗೆ ಗಾರೆ ಕೆಲಸಕ್ಕೆ ಹೊರಡುವವರಿದ್ದರು. ಯಾವಾಗ ಬರುತ್ತಾರೋ ಅವರಿಗೇ ಗೊತ್ತಿರಲಿಲ್ಲ. ಹಾಡನ್ನು ಟೇಪಿನಲ್ಲಿ ಹಿಡಿದರೆ ಆ ಅಮಾವಾಸ್ಯೆಯ ಸಂಜೆಯೇ ಹಿಡಿಯಬೇಕಿತ್ತು.

ಗುಡಿಯ ಅಂಗಳದಲ್ಲಿ ಖಾದರ್ ಎಲ್ಲರಿಗೂ ಕೈಮುಗಿದು, ಯಾರೂ ಕೆಮ್ಮಬೇಡಿ, ಕೂಸುಗಳನ್ನು ಅಳಿಸಬೇಡಿ, ಆಡುಗಳನ್ನು ಆಚೆ ಹೊಡೆಯಿರಿ ಎಂದು ಕೇಳಿಕೊಂಡ. ಕೊನೆಗೆ ನನ್ನ ಕಡೆ ಬಹಳ ಹೊತ್ತು ನೋಡಿದ. ನಾನು ಆಣೆ ಮಾಡುವವನಂತೆ ಎದೆಯ ಮೇಲೆ ಕೈಯಿಟ್ಟುಕೊಂಡೆ.

ಈರಮ್ಮ ಸಣ್ಣ ಆಳು. ಹತ್ತಿಯ ಕಾಯಿ ಗೀರಿದ ಬೆರಳುಗಳು. ಹಾಡು ತನ್ನ ಅತ್ತೆಯಿಂದ ಬಂದದ್ದು ಎಂದಷ್ಟೇ ಹೇಳಿ ತಂತಿ ಮೀಟಿದಳು. ‘ಬಾಗಿಲ ಇಲ್ಲದ ಮನಿಗಿ ಬಂದಾನ ಅಣ್ಣ’ ಎಂದು ಎತ್ತಿಕೊಂಡಳು. ತವರಿಗೆ ಕರೆಯಲು ಅಣ್ಣ ಬಂದು ಹೊರಗೆ ನಿಂತಿದ್ದಾನೆ. ಬರುತ್ತೇನೆ ಎನ್ನುವವಳು ಒಳಗೆ ಗೋಡೆ ತಡಕುತ್ತಿದ್ದಾಳೆ. ಆ ಸಾಲನ್ನು ಮೂರು ಸಲ ಅಂದು ಈರಮ್ಮ ತಟ್ಟನೆ ನಿಲ್ಲಿಸಿದಳು. ತಂತಿಯೊಂದೇ ಗುಂಯ್ಗುಡುತ್ತಿತ್ತು. ಅಷ್ಟು ಜನ ಕೂತ ಅಂಗಳದಲ್ಲಿ ಕೃಷ್ಣೆ ಹರಿಯುವ ಸಪ್ಪಳ ಕೇಳಿಸಿತು. ಆಮೇಲೆ ನಿಧಾನವಾಗಿ, ಪಕ್ಕದವರನ್ನು ಕೇಳುವವಳ ಹಾಗೆ, ‘ಎಲ್ಲಿಂದ ಹೊರಗ ಬರಲೇ’ ಎಂದಳು. ನನ್ನ ಕಣ್ಣು ತುಂಬಿದ್ದವು. ಇದಿಷ್ಟೇ ನನಗೆ ನೆನಪಿರುವುದು. ಇನ್ನೊಂದು ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಸೆಲ್ಲು ಸತ್ತುಹೋದವು.

ಮುಂದಿನ ಭಾನುವಾರ ಖಾದರನ ಅಂಗಡಿಯಲ್ಲಿ ಕ್ಯಾಸೆಟ್ ಕೇಳಲು ಕೂತೆ. ಸಾಲು ಬಂತು, ಮೌನ ಬಂತು, ನಾನು ಕಣ್ಣು ಮುಚ್ಚಿದೆ. ಆ ಮೌನದ ನಟ್ಟನಡುವೆ ಯಾವನೋ ಒಬ್ಬ ಒರಟ ‘ಯವ್ವಾ, ಕೊಂದಿ!’ ಎಂದು ಅರಚಿ, ಮೇಲೆ ಒಂದು ಸಲ ಕೆಮ್ಮಿದ. ನನಗೆ ಮೈಯೆಲ್ಲ ಉರಿದುಹೋಯಿತು. ಇವನು ಯಾವ ಕತ್ತೆ, ಇಂಥವರನ್ನು ಗುಡಿಯೊಳಗೆ ಯಾಕೆ ಬಿಡುತ್ತಾರೆ ಎಂದು ಬೈದೆ. ಖಾದರ್ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ.

“ಮಾಸ್ತರ್, ಇನ್ನೊಮ್ಮಿ ಕೇಳ್ರಿ. ಆ ಕತ್ತಿ ನೀವಽ ಅದೀರಿ.”

ನಂಬಲಿಲ್ಲ. ನನ್ನ ದನಿ ಹಾಗಿಲ್ಲ ಎಂದು ವಾದಿಸಿದೆ. ನನ್ನೊಳಗೆ ನಾನು ಕೇಳಿಕೊಂಡು ಬಂದ ದನಿ ಗಂಭೀರವಾದದ್ದು, ತುಸು ಮಧುರವಾದದ್ದು. ಇದು ಬಾಗಿಲಿಗೆ ಬೆರಳು ಸಿಕ್ಕವನ ದನಿ. ಆದರೆ ಆ ಕೆಮ್ಮು ನನ್ನದೇ. ಕೂಗನ್ನು ಕತ್ತರಿಸಿ ತೆಗೆ ಎಂದು ಅಂಗಲಾಚಿದೆ. ತೆಗೆದರೆ ಆ ಮೌನವೂ ಹೋಗುತ್ತದೆ, ಎರಡು ಸಾಲು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದ ಖಾದರ್. ಹಾಡಿದವಳು ಪುಣೆಯಲ್ಲಿ. ಅತ್ತೆಯಿಂದ ಬಂದ ಹಾಡು ಇಷ್ಟೇ ಉಳಿದಿತ್ತು, ಅದರ ಎದೆಯ ಮೇಲೆ ನಾನು ಕಾಲಿಟ್ಟು ನಿಂತಿದ್ದೆ.

ಖಾದರ್ ಕ್ಯಾಸೆಟ್ಟನ್ನು ಹಾಗೆಯೇ ಮಾರಿದ. ಹಾಳಾದದ್ದು ಚೆನ್ನಾಗಿ ಹೋಯಿತು. ಗಿಲ್ಲೆಸುಗೂರಿನ ಬಸ್ಸಿನಲ್ಲಿ ಡ್ರೈವರ್ ಅದನ್ನು ಹಚ್ಚಿದಾಗ ನಾನು ಮುಂದಿನ ಸ್ಟಾಪಿನಲ್ಲೇ ಇಳಿದೆ. ದೇವದುರ್ಗದ ಹೋಟೆಲುಗಳಲ್ಲಿ ಬೆಳಗಿನ ಮಂಡಕ್ಕಿಯ ಮಂಡಾಳ, ಮಿರ್ಚಿಯ ಜೊತೆ ನನ್ನ ಕೂಗೂ ಬಡಿಸಲ್ಪಡುತ್ತಿತ್ತು. ಒಂದು ದಿನ ಬೋರ್ಡಿನ ತುಂಬ ಕಷ್ಟದ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಸಣ್ಣಗೆ ‘ಯವ್ವಾ, ಕೊಂದಿ’ ಎಂಬ ದನಿ ಬಂತು, ಕೆಮ್ಮಿನ ಸಮೇತ. ಡಸ್ಟರ್ ಎತ್ತಿದ ನನ್ನ ಕೈ ಹಾಗೇ ನಿಂತಿತು. ಯಾವ ಬಾಯಿಂದ ಬೈಯಲಿ? ಅಂದಿನಿಂದ ಹಾಡಿಗೆ ಹೋದಾಗಲೆಲ್ಲ ಬಾಯಿ ತುಂಬ ಎಲೆಅಡಿಕೆ ತುರುಕಿಕೊಂಡು ಕೂರತೊಡಗಿದೆ. ಮೆಚ್ಚುಗೆಯನ್ನು ಅಗಿದು ನುಂಗುವುದು ಎಷ್ಟು ಕಹಿ ಎಂಬುದು ಅನುಭವಿಸಿದವರಿಗೇ ಗೊತ್ತು.

ಕೆಲವು ವರ್ಷಗಳ ಮೇಲೆ ಮಾನ್ವಿಗೆ ವರ್ಗವಾಯಿತು. ಇಲ್ಲಿ ನನ್ನ ದನಿಯ ಗುರುತು ಯಾರಿಗೂ ಇಲ್ಲವೆಂದು ಹಗುರಾಗಿದ್ದೆ. ಒಂದು ಸೋಮವಾರ ಸಂಜೆ ಅಲ್ಲಿನ ಭಜನೆಯವರ ಹಾಡು ಕೇಳಲು ಹೋದೆ. ಅವರು ಈರಮ್ಮನ ಹಾಡನ್ನೇ ಎತ್ತಿಕೊಂಡಾಗ ಖುಷಿಯಾಯಿತು. ‘ಬಂದಾನ ಅಣ್ಣ’ ಮೂರು ಸಲ ಆಯಿತು. ಎಲ್ಲರೂ ನಿಲ್ಲಿಸಿದರು. ಆಗ ದಮ್ಮಡಿ ವಾದ್ಯ ಹಿಡಿದಿದ್ದ ಗಟ್ಟಿ ಆಳೊಬ್ಬ ಎದೆಯೆತ್ತಿ ‘ಯವ್ವಾ, ಕೊಂದಿ!’ ಎಂದ. ಎಂದು, ಒಂದು ಸಲ ಕೆಮ್ಮಿದ. ಮೇಳದವರೆಲ್ಲ ರಾಗವಾಗಿ ‘ಯವ್ವಾ ಕೊಂದಿ, ಕೊಂದೀ’ ಎಂದು ದನಿಗೂಡಿಸಿದರು.

ಹಾಡು ಮುಗಿದ ಮೇಲೆ ಮೇಳದ ಹಿರಿಯರಾದ ಸಂಗಪ್ಪನವರನ್ನು ಮೆಲ್ಲಗೆ ವಿಚಾರಿಸಿದೆ. ಅವರು ಅದರ ಅರ್ಥ ಬಿಡಿಸಿ ಹೇಳಿದರು. ಯವ್ವ ಎಂದರೆ ಮಾಯೆ. ಆಕೆ ಕೊಂದದ್ದು ‘ನಾನು’ ಎಂಬುದನ್ನು. ‘ನಾನು’ ಎಂಬುದು ಸತ್ತ ಮೇಲೆಯೇ ಬಾಗಿಲು ಎಲ್ಲಿ ಎಂಬ ಪ್ರಶ್ನೆ ಏಳುವುದು. ಕೆಮ್ಮಿನ ಅರ್ಥವೇನೆಂದು ಕೇಳಿದೆ. ಅದು ಪ್ರಾಣ ಬಿಡುವ ಗುರುತು ಎಂದರು. ಇಷ್ಟು ದೊಡ್ಡ ಮಾತು ನನ್ನ ಬಾಯಿಂದ ಬಂದಿತ್ತೆಂದು ತಿಳಿದು ನಾನು ದಂಗಾದೆ. ತಡೆಯಲಾರದೆ, ಅದು ಹಾಡಿನದಲ್ಲ, ನಾನು ಕೂಗಿದ್ದು ಎಂದು ಒಪ್ಪಿಕೊಂಡೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಹಂಗನಬಾರ್ದು ಮಾಸ್ತರ್ರೇ. ಇದು ನಮ್ಮ ಮುತ್ಯಾನ ಕಾಲದಿಂದ ಬಂದದ್ದದ.”

ನಗು ಬರಬೇಕಾದ ಮಾತು. ಆದರೆ ಆ ದಿನ ನಿಜವಾಗಿ ಹೆದರಿದೆ. ಒಬ್ಬಳ ಹಾಡಿಗೆ ಅಂಟಿದ ನನ್ನ ಕೊಳೆ ಈಗ ಊರೂರಿಗೆ ಹಾಡೇ ಆಗಿ ಹೋಗಿತ್ತು. ಈರಮ್ಮ ತಿರುಗಿ ಬಂದು ಇದನ್ನು ಕೇಳಿದರೆ ಏನೆಂದುಕೊಂಡಾಳು? ಅತ್ತೆ ಕೊಟ್ಟ ಹಾಡನ್ನು ಮತ್ತೆ ಬಾಯಿಗೆ ತಂದುಕೊಳ್ಳುತ್ತಾಳೋ ಇಲ್ಲವೋ ಎಂಬ ಚಿಂತೆ ನನ್ನ ಬೆನ್ನು ಹತ್ತಿತು.

ಆಕೆ ಬಂದ ಸುದ್ದಿಯನ್ನೂ ಖಾದರನೇ ತಂದ. ಅಮಾವಾಸ್ಯೆಗೆ ಗೂಗಲ್ಲಿನಲ್ಲಿ ಹಾಡುತ್ತಾಳೆ, ಈ ಸಲ ಒಳ್ಳೆಯ ಯಂತ್ರವಿದೆ, ಕೈಯಲ್ಲಿ ಹೆಚ್ಚಿನ ಸೆಲ್ಲೂ ಇವೆ ಎಂದ. ಹೊಸ ಕ್ಯಾಸೆಟ್ ಬಂದರೆ ಹಳೆಯದು ಮರೆತುಹೋದೀತು, ಹಾಡು ತನ್ನ ಮೌನವನ್ನು ತಿರುಗಿ ಪಡೆದೀತು ಎಂಬ ಆಸೆಯಿಂದ ಹೋದೆ. ಕಂಬದ ಮರೆಯಲ್ಲಿ, ಎಲ್ಲರಿಗಿಂತ ಹಿಂದೆ, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಕೂತೆ. ಖಾದರ್ ಎಂದಿನಂತೆ ಎಲ್ಲರಿಗೂ ಕೈಮುಗಿದ, ನನ್ನ ಕಡೆ ನೋಡಿದ.

ಈರಮ್ಮನ ತಲೆ ನೆರೆತಿತ್ತು. ದನಿ ಸ್ವಲ್ಪ ಒಡೆದಿತ್ತು, ಅದರಿಂದ ಹಾಡು ಇನ್ನೂ ಹತ್ತಿರ ಬಂದಿತ್ತು. ‘ಬಂದಾನ ಅಣ್ಣ’ ಮೂರು ಸಲ ಅಂದಳು. ನಿಲ್ಲಿಸಿದಳು. ತಂತಿ ಗುಂಯ್ಗುಟ್ಟಿತು, ಹೊಳೆಯ ಸಪ್ಪಳ ಬಂತು. ನಾನು ದವಡೆ ಬಿಗಿಹಿಡಿದೆ. ಗೆದ್ದೆ ಎಂದುಕೊಂಡೆ. ಆದರೆ ಮುಂದಿನ ಸಾಲು ಬರಲಿಲ್ಲ. ತಂತಿ ಮೀಟುತ್ತಲೇ ಇದ್ದಳು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಕೆ ಕಣ್ಣು ತೆರೆದು ಹುಡುಕಿ ಹುಡುಕಿ ಕಂಬದ ಮರೆಯ ನನ್ನನ್ನು ಹಿಡಿದಳು.

“ಅಂದ್ಬಿಡ್ರಿ ಮಾಸ್ತರ್ರೇ. ನೀವು ಅನ್ನದಿದ್ರ ನನಗ ಮುಂದಿನದು ಬರವಲ್ದು.”

ನಾನು ಗಾಬರಿಯಲ್ಲಿ ಎಲೆಅಡಿಕೆಯನ್ನೆಲ್ಲ ಹಾಗೇ ನುಂಗಿಬಿಟ್ಟೆ. ಸುಣ್ಣ ಗಂಟಲನ್ನು ಸುಟ್ಟಿತು. ಆಕೆ ಮೀಟುವುದನ್ನು ನಿಲ್ಲಿಸದೆ, ಅಷ್ಟು ಜನರಿದ್ದಾರೆ ಎಂಬ ಪರಿವೆಯಿಲ್ಲದೆ ನನಗೊಬ್ಬನಿಗೇ ಹೇಳಿದಳು.

“ಪುಣೇದಾಗ ನಮ್ಮ ಕಡಿ ಮಂದಿ ತಂದುಕೊಟ್ಟ ಆ ಕ್ಯಾಸೆಟ್ ಹಚ್ಕೊಂಡು ಕುಂದ್ರತಿದ್ನಿರಿ. ನನ್ನ ಹಾಡಿಗಲ್ರಿ, ಅದು ನನ್ನ ಬಾಯಾಗ ಇದ್ದಽ ಇತ್ತು. ನೀವು ಒದರೂದು ಕೇಳಾಕ. ಅಲ್ಲಿ ಎಲ್ಲಾರೂ ಮರಾಠಿಯೊಳಗ ‘ಏ ಬಾಯಿ, ಏ ಬಾಯಿ’ ಅಂತ ಕರ್ಯೋರು. ಯವ್ವಾ ಅಂತ ಒಬ್ರೂ ಅಂತಿದ್ದಿಲ್ರಿ.”

ಇಷ್ಟು ವರ್ಷ ಕೂಗಿದವನಿಗೆ, ಕೂಗು ಎಂದು ಕೇಳಿದಾಗ ದನಿಯೇ ಹೊರಡಲಿಲ್ಲ. ಸುಟ್ಟ ಗಂಟಲಿನಿಂದ ಹೇಗೋ ಒಂದು ಪಿಸುಮಾತು ಬಂತು. ಪಕ್ಕದಲ್ಲಿ ಕೂತವರಿಗೂ ಅದು ಕೇಳಿಸಿರಲಿಕ್ಕಿಲ್ಲ. ಈರಮ್ಮನಿಗೆ ಕೇಳಿಸಿತು. ‘ಎಲ್ಲಿಂದ ಹೊರಗ ಬರಲೇ’ ಎಂದು ಎತ್ತಿಕೊಂಡಳು. ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಹಾಡು ಮುಗಿದಾಗ ಖಾದರ್ ಟೇಪನ್ನು ಹಿಂದಕ್ಕೆ ಓಡಿಸಿ ಕಿವಿಗೆ ಹಿಡಿದು ಕೇಳಿ ತಲೆ ಅಲ್ಲಾಡಿಸಿದ. ನಾನು ಅಂದದ್ದು ಬಂದೇ ಇರಲಿಲ್ಲ. ಮಾನ್ವಿಯ ಮಂದಿ ಇದನ್ನು ಅಸಲಿ ಹಾಡಲ್ಲ ಅನ್ನುತ್ತಾರೆ, ಇದನ್ನು ಕೊಳ್ಳುವವರು ಯಾರು ಎಂದು ಅವನ ಚಿಂತೆ. ನಾಳೆ ಅಂಗಡಿಗೆ ಬಂದು ಮೈಕಿನ ಮುಂದೆ ಒಂದು ಸಲ ಕೂಗಿ ಹೋಗಿ, ನಡುವೆ ಸೇರಿಸುತ್ತೇನೆ ಎಂದ. ಹಾಡಿಲ್ಲದೆ ಅದು ಬರುವುದಿಲ್ಲವಲ್ಲ ಎಂದು ನಾನು ಗೊಗ್ಗರು ದನಿಯಲ್ಲಿ ಹೇಳಿದೆ.

ಈರಮ್ಮ ನಕ್ಕು, ಕೆಳಗಿಟ್ಟಿದ್ದ ಏಕತಾರಿಯನ್ನು ಮತ್ತೆ ಎತ್ತಿಕೊಂಡಳು. ಯಾರೋ ನನಗೆ ಒಂದು ತಂಬಿಗೆ ನೀರು ಕೊಟ್ಟರು. ಖಾದರ್ ಹೊಸ ಸೆಲ್ಲು ಹಾಕಿ ಗುಂಡಿ ಒತ್ತಿದ. ಈ ಸಲ ಅವನು ಯಾರಿಗೂ ಸುಮ್ಮನಿರಿ ಎಂದು ಹೇಳಲಿಲ್ಲ.